ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಮತ್ತೆ ಹಾಕಿದ ಮೇಲೆ ಡ್ರೈವರ್ ಎಲ್ಲಿಂದ ತರುವುದು?

ವಿಂಡೋಸ್ ಹಾಕಿ ಮುಗಿಯಿತು. ಡೆಸ್ಕ್‌ಟಾಪ್ ಬಂತು. ಆದರೆ ಅಕ್ಷರಗಳೆಲ್ಲ ದಪ್ಪ ದಪ್ಪ. ವೈಫೈ ಚಿಹ್ನೆ ಇರಬೇಕಾದ ಜಾಗದಲ್ಲಿ ಒಂದು ಗೋಳದ ಚಿತ್ರ. ಸ್ಪೀಕರ್ ಗುರುತಿನ ಪಕ್ಕ ಕೆಂಪು ಇಂಟು. ಟಚ್‌ಪ್ಯಾಡ್‌ನಲ್ಲಿ ಬಾಣವೇನೋ ಓಡುತ್ತದೆ, ಎರಡು ಬೆರಳಿಟ್ಟು ಪುಟ ಸರಿಸಲು ಹೋದರೆ ಕದಲುವುದೇ ಇಲ್ಲ.

ಇದನ್ನು ನೋಡಿ ಲ್ಯಾಪ್‌ಟಾಪ್ ಕೆಟ್ಟಿತು ಎಂದು ಗಾಬರಿಯಾದವರನ್ನು ನಾನು ತುಂಬ ನೋಡಿದ್ದೇನೆ. ಏನೂ ಕೆಟ್ಟಿಲ್ಲ. ಒಳಗಿರುವ ಚಿಪ್‌ಗಳ ಜೊತೆ ಮಾತಾಡಲು ವಿಂಡೋಸ್‌ಗೆ ಬೇಕಾದ ಡ್ರೈವರ್‌ಗಳು ಹಳೆ ವಿಂಡೋಸ್ ಜೊತೆಗೇ ಅಳಿಸಿಹೋಗಿವೆ, ಅಷ್ಟೆ. ಅವನ್ನು ಮತ್ತೆ ತರಲು ಐದಾರು ದಾರಿಗಳಿವೆ. ಯಾವ ದಾರಿ ಯಾವಾಗ ಒಳ್ಳೆಯದು, ಯಾವುದು ಬೇಡ ಎಂಬುದನ್ನು ಇಲ್ಲಿ ಹೋಲಿಸಿ ಹೇಳುತ್ತೇನೆ.

ಉದಾಹರಣೆಗೆ ಅಕ್ಕನ ಮಗಳ ಲ್ಯಾಪ್‌ಟಾಪನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಥಿಂಕ್‌ಪ್ಯಾಡ್ ಟಿ430. 2012ರ ಮಾಡೆಲ್, ಮೂರನೇ ತಲೆಮಾರಿನ ಇಂಟೆಲ್ ಐ5. ವಿಂಡೋಸ್ 7ರ ಕಾಲದಲ್ಲಿ ಬಂದ ಯಂತ್ರ. ನಾವು ಅದಕ್ಕೆ 64 ಬಿಟ್‌ನ ವಿಂಡೋಸ್ 10 ಹಾಕಿದೆವು. ನಿಮ್ಮದು ಡೆಲ್ ಲ್ಯಾಟಿಟ್ಯೂಡ್ ಆಗಿರಲಿ, ಎಚ್‌ಪಿ ಪ್ರೊಬುಕ್ ಆಗಿರಲಿ, ಲೆಕ್ಕಾಚಾರ ಇದೇ.

ಮೊದಲು ಏನು ಕಾಣೆಯಾಗಿದೆ ಅಂತ ನೋಡಿ

ಡ್ರೈವರ್ ಹುಡುಕಲು ಓಡುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ತ್ರಿಕೋನ ಎಷ್ಟು ಕಡೆ ಇದೆ ಎಂದು ಎಣಿಸಿ. ಒಂದನ್ನು ಡಬಲ್ ಕ್ಲಿಕ್ ಮಾಡಿದರೆ ಕೋಡ್ 28 ಎಂದು ಕಾಣುತ್ತದೆ. ಡ್ರೈವರ್ ಹಾಕಿಲ್ಲ ಎಂದು ಅದರ ಅರ್ಥ. ಕೋಡ್ 10 ಅಥವಾ 43 ಬಂದಿದ್ದರೆ ಕಥೆ ಬೇರೆ. ಅಲ್ಲಿ ಡ್ರೈವರ್ ಇದೆ, ಆದರೆ ಸಾಧನ ಶುರುವಾಗುತ್ತಿಲ್ಲ ಅಥವಾ ತೊಂದರೆ ಹೇಳುತ್ತಿದೆ. ಕೋಡ್ 52 ಬಂದರೆ ಡ್ರೈವರ್‌ನ ಡಿಜಿಟಲ್ ಸಹಿಯನ್ನು ವಿಂಡೋಸ್ ಒಪ್ಪುತ್ತಿಲ್ಲ.

ಹಳದಿ ಗುರುತು ಇಲ್ಲದೆಯೂ ಡ್ರೈವರ್ ಕಾಣೆಯಾಗಿರಬಹುದು. ಇದನ್ನು ತುಂಬ ಜನ ಗಮನಿಸುವುದಿಲ್ಲ. ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಬಂದಿಲ್ಲ ಎಂದೇ ತಿಳಿಯಿರಿ. ವಿಂಡೋಸ್ ಸದ್ಯಕ್ಕೆ ಒಂದು ಸಾದಾ ಡ್ರೈವರ್ ಇಟ್ಟುಕೊಂಡು ನಡೆಸುತ್ತಿದೆ. ಬ್ರೈಟ್‌ನೆಸ್ ಕೀಲಿ ಕೆಲಸ ಮಾಡದಿರುವುದಕ್ಕೂ ವಿಡಿಯೋ ತಡವರಿಸುವುದಕ್ಕೂ ಅದೇ ಕಾರಣ. ಹಾಗೆಯೇ ಟಚ್‌ಪ್ಯಾಡ್ 'ಪಿಎಸ್/2 ಕಂಪ್ಯಾಟಿಬಲ್ ಮೌಸ್' ಎಂದು ಕಂಡರೆ ಅದರ ನಿಜವಾದ ಡ್ರೈವರ್ ಇನ್ನೂ ಬರಬೇಕಿದೆ.

ಹಳದಿ ಗುರುತಿನ ಹೆಸರುಗಳು ವಿಚಿತ್ರವಾಗಿರುತ್ತವೆ. ಆದರೆ ಅವುಗಳ ಹಿಂದೆ ಇರುವುದು ಹೆಚ್ಚಾಗಿ ಒಂದೇ ಥರದ ಸಾಧನಗಳು. 'ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್' ಎಂದರೆ ಬಹುತೇಕ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್, ಅಂದರೆ ಮದರ್‌ಬೋರ್ಡ್‌ನಲ್ಲಿರುವ ಒಂದು ಪುಟ್ಟ ನಿಯಂತ್ರಕ. 'ಎಸ್‌ಎಂ ಬಸ್ ಕಂಟ್ರೋಲರ್' ಎಂದರೆ ಚಿಪ್‌ಸೆಟ್ (ಮದರ್‌ಬೋರ್ಡ್‌ನ ಮುಖ್ಯ ಚಿಪ್) ಡ್ರೈವರ್ ಬೇಕು. 'ಬೇಸ್ ಸಿಸ್ಟಮ್ ಡಿವೈಸ್' ಬಹಳ ಸಲ ಮೆಮೊರಿ ಕಾರ್ಡ್ ರೀಡರ್. 'ನೆಟ್‌ವರ್ಕ್ ಕಂಟ್ರೋಲರ್' ಸಾಮಾನ್ಯವಾಗಿ ವೈಫೈ, 'ಈಥರ್ನೆಟ್ ಕಂಟ್ರೋಲರ್' ಕೇಬಲ್ ನೆಟ್. 'ಬ್ರಾಡ್‌ಕಾಮ್ ಯುಎಸ್‌ಎಚ್' ಎಂದು ಡೆಲ್ ಲ್ಯಾಟಿಟ್ಯೂಡ್‌ನಲ್ಲಿ ಕಂಡರೆ ಅದಕ್ಕೆ ಬೆರಳಚ್ಚು, ಸ್ಮಾರ್ಟ್ ಕಾರ್ಡ್ ನೋಡಿಕೊಳ್ಳುವ ಡೆಲ್‌ನ ಕಂಟ್ರೋಲ್‌ವಾಲ್ಟ್ ಡ್ರೈವರ್ ಬೇಕು.

ಇನ್ನು ಬರೀ 'ಅನ್‌ನೋನ್ ಡಿವೈಸ್' ಎಂದಿದ್ದರೆ? ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ಮೇಲಿನ ಪಟ್ಟಿಯಲ್ಲಿ ಹಾರ್ಡ್‌ವೇರ್ ಐಡೀಸ್ ಆರಿಸಿ. ಅಲ್ಲಿ ಬರುವ ಸಂಕೇತವೇ ಆ ಸಾಧನದ ನಿಜವಾದ ಗುರುತು. ಅದು ಪಿಸಿಐ ಎಂದು ಶುರುವಾದರೆ ಅದರಲ್ಲಿ ಎರಡು ಭಾಗ ಮುಖ್ಯ. ವಿಇಎನ್ ನಂತರ ಬರುವ ನಾಲ್ಕು ಅಂಕಿ–ಅಕ್ಷರ ತಯಾರಕರದ್ದು, ಡಿಇವಿ ನಂತರದ ನಾಲ್ಕು ಆ ಚಿಪ್‌ನದ್ದು. 8086 ಎಂದರೆ ಇಂಟೆಲ್. 10ಇಸಿ ರಿಯಲ್‌ಟೆಕ್. 14ಇ4 ಬ್ರಾಡ್‌ಕಾಮ್. 168ಸಿ ಅಥೆರಾಸ್. 10ಡಿಇ ಎನ್‌ವಿಡಿಯಾ. 1002 ಎಎಮ್‌ಡಿ ಗ್ರಾಫಿಕ್ಸ್. ಟಿ430ರಲ್ಲಿ 8086 ಜೊತೆ 1ಇ3ಎ ಎಂದು ಕಂಡಿತು. ಅದು ಆ ಕಾಲದ ಚಿಪ್‌ಸೆಟ್‌ನ ಮ್ಯಾನೇಜ್‌ಮೆಂಟ್ ಎಂಜಿನ್. ಎಸಿಪಿಐ ಎಂದು ಶುರುವಾಗುವ ಸಂಕೇತಗಳು ಲ್ಯಾಪ್‌ಟಾಪ್ ಕಂಪನಿಯವರ ಸ್ವಂತ ಸಾಧನಗಳು. ಎಲ್‌ಇಎನ್0068 ಎಂದರೆ ಲೆನೊವೊದ ಪವರ್ ಮ್ಯಾನೇಜ್‌ಮೆಂಟ್, ಎಸ್‌ಎಂಒ8800 ಎಂದರೆ ಡೆಲ್‌ನ ಬೀಳುವಿಕೆ ಸೆನ್ಸರ್, ಎಚ್‌ಪಿಕ್ಯು0004 ಎಂದರೆ ಎಚ್‌ಪಿಯ ಅದೇ ಬಗೆಯ ಸೆನ್ಸರ್.

ಇಲ್ಲೊಂದು ಮಾತು. ಎಲ್ಲ ಹಳದಿ ಗುರುತುಗಳ ಹಿಂದೆಯೂ ಓಡಬೇಕಾಗಿಲ್ಲ. ಬೀಳುವಿಕೆ ಸೆನ್ಸರ್ ಇರುವುದು ತಿರುಗುವ ಹಾರ್ಡ್ ಡಿಸ್ಕ್‌ನ ತಲೆಯನ್ನು ಕಾಪಾಡಲು. ನೀವು ಎಸ್‌ಎಸ್‌ಡಿ ಹಾಕಿಸಿದ್ದರೆ ಅದರಿಂದ ನಿಮಗೆ ಏನೂ ಉಪಯೋಗವಿಲ್ಲ. 'ಪಿಸಿಐ ಸೀರಿಯಲ್ ಪೋರ್ಟ್' ಎಂದು ಥಿಂಕ್‌ಪ್ಯಾಡ್‌ನಲ್ಲಿ ಕಾಣುವುದು ಆಫೀಸಿನ ಐಟಿಯವರು ದೂರದಿಂದ ಯಂತ್ರ ನೋಡಿಕೊಳ್ಳಲು ಇಟ್ಟದ್ದು. ಮನೆಯಲ್ಲಿ ಬೇಕಾಗಿಲ್ಲ. ಗ್ರಾಫಿಕ್ಸ್, ವೈಫೈ, ಆಡಿಯೊ, ಟಚ್‌ಪ್ಯಾಡ್, ಪವರ್ ಈ ಐದು ಸರಿಯಾದರೆ ನಿಮ್ಮ ದಿನದ ಕೆಲಸ ನಡೆಯುತ್ತದೆ.

ನೆಟ್ ಇಲ್ಲದಿದ್ದರೆ ಏನು ಮಾಡುವುದು?

ವೈಫೈ ಡ್ರೈವರ್ ತರಲು ನೆಟ್ ಬೇಕು, ನೆಟ್ ಬರಲು ವೈಫೈ ಡ್ರೈವರ್ ಬೇಕು. ತುಂಬ ಜನ ನಿಲ್ಲುವುದು ಇಲ್ಲೇ. ಕೇಬಲ್ ಇದ್ದರೆ ನೇರ ರೂಟರ್‌ಗೆ ಸಿಕ್ಕಿಸಿ ನೋಡಿ. ಹಳೆ ಬಿಸಿನೆಸ್ ಲ್ಯಾಪ್‌ಟಾಪ್‌ಗಳ ಈಥರ್ನೆಟ್ ಚಿಪ್‌ಗಳಿಗೆ ವಿಂಡೋಸ್ 10ರಲ್ಲೇ ಡ್ರೈವರ್ ಇರುವುದು ಜಾಸ್ತಿ.

ಕೇಬಲ್ ಇಲ್ಲವಾ? ಆಂಡ್ರಾಯ್ಡ್ ಫೋನ್ ಇದ್ದರೆ ಸಾಕು. ಚಾರ್ಜಿಂಗ್ ಕೇಬಲ್‌ನಿಂದಲೇ ಲ್ಯಾಪ್‌ಟಾಪ್‌ಗೆ ಸೇರಿಸಿ, ಫೋನ್‌ನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವಿಂಡೋಸ್ 10 ಇದನ್ನು ನೆಟ್‌ವರ್ಕ್ ಕಾರ್ಡ್ ಥರ ತಾನೇ ಗುರುತಿಸುತ್ತದೆ. ಫೋನ್ ಮನೆಯ ವೈಫೈಗೆ ಸೇರಿದ್ದರೆ ಆ ವೈಫೈ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೆ ಬರುತ್ತದೆ, ನಿಮ್ಮ ಮೊಬೈಲ್ ಡೇಟಾ ಉಳಿಯುತ್ತದೆ. ಐಫೋನ್‌ಗೆ ಆಪಲ್‌ನ ಡ್ರೈವರ್ ಬೇಕಾಗುತ್ತದೆ, ಹಾಗಾಗಿ ಮನೆಯಲ್ಲಿ ಯಾರದ್ದಾದರೂ ಆಂಡ್ರಾಯ್ಡ್ ಫೋನ್ ಕೇಳಿ. ಕೆಲವು ಚಾರ್ಜಿಂಗ್ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಫೋನ್ ಬರೀ ಚಾರ್ಜ್ ಆಗಿ ಸುಮ್ನೆ ಕೂತರೆ ಕೇಬಲ್ ಬದಲಿಸಿ.

ವೈಫೈ ಕಾರ್ಡನ್ನೇ ಬದಲಿಸೋಣ ಎಂದು ಹೊರಟವರಿಗೆ ಒಂದು ಎಚ್ಚರಿಕೆ. ಟಿ430 ಕಾಲದ ಥಿಂಕ್‌ಪ್ಯಾಡ್‌ಗಳು ತಮ್ಮ ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಹಾಕಿದರೆ 1802 ಎಂಬ ಎರರ್ ತೋರಿಸಿ ಬೂಟ್ ಆಗುವುದನ್ನೇ ನಿಲ್ಲಿಸುತ್ತವೆ. ಆ ಕಾಲದ ಎಷ್ಟೋ ಎಚ್‌ಪಿಗಳಲ್ಲೂ ಇಂಥ ತಡೆ ಇದೆ. ಒಂದು ಸಣ್ಣ ಯುಎಸ್‌ಬಿ ವೈಫೈ ಡಾಂಗಲ್ ಇದಕ್ಕಿಂತ ಸುರಕ್ಷಿತ.

ದಾರಿ ಒಂದು: ವಿಂಡೋಸ್ ಅಪ್‌ಡೇಟ್

ನೆಟ್ ಬಂದ ತಕ್ಷಣ ಮೊದಲು ಇದನ್ನೇ ಹಿಡಿಯಿರಿ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಪುಟ ತೆರೆದು ಚೆಕ್ ಫಾರ್ ಅಪ್‌ಡೇಟ್ಸ್ ಒತ್ತಿ. ಆಮೇಲೆ ಒಂದೆರಡು ಗಂಟೆ ಚಾರ್ಜರ್ ಹಾಕಿ ಬಿಟ್ಟುಬಿಡಿ. ರೀಸ್ಟಾರ್ಟ್ ಮಾಡಿ ಮತ್ತೆ ಒತ್ತಿ. ಒಂದೇ ಸಲಕ್ಕೆ ಎಲ್ಲ ಬರುವುದಿಲ್ಲ. ಚಿಪ್‌ಸೆಟ್ ಬಂದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಸಾಧನ ಕಾಣಬಹುದು.

ಎಷ್ಟೋ ಜನ ಇಲ್ಲಿಗೇ ನಿಲ್ಲುತ್ತಾರೆ. ಅದೇ ಪುಟದಲ್ಲಿ 'ವ್ಯೂ ಆಪ್ಷನಲ್ ಅಪ್‌ಡೇಟ್ಸ್' ಎಂಬ ಕೊಂಡಿ ಇರುತ್ತದೆ. ಅದರೊಳಗೆ ಡ್ರೈವರ್ ಅಪ್‌ಡೇಟ್ಸ್ ಎಂಬ ಪಟ್ಟಿ. ವಿಂಡೋಸ್ 11 ಆಗಿದ್ದರೆ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಬೇಕು. ತಾನಾಗಿ ಬಾರದ ಕೆಲವು ಡ್ರೈವರ್‌ಗಳು ಅಲ್ಲಿ ನೀವು ಟಿಕ್ ಹಾಕಲಿ ಎಂದು ಕಾಯುತ್ತಿರುತ್ತವೆ. ಹಳದಿ ಗುರುತು ಇರುವ ಸಾಧನಕ್ಕೆ ಸಂಬಂಧಿಸಿದ್ದನ್ನು ಮಾತ್ರ ಆರಿಸಿ. ಸರಿಯಾಗಿ ನಡೆಯುತ್ತಿರುವುದರ ಮೇಲೆ ಇನ್ನೊಂದನ್ನು ಹಾಕಲು ಹೋಗಬೇಡಿ.

ಇದರ ದೊಡ್ಡ ಲಾಭ, ಬರುವ ಡ್ರೈವರ್ ನಿಮ್ಮ ಹಾರ್ಡ್‌ವೇರ್ ಐಡಿಗೆ ಹೊಂದಿದ್ದೇ ಆಗಿರುತ್ತದೆ, ಸಹಿಯೂ ಇರುತ್ತದೆ. ಕೆಲವು ಹಳೆ ಚಿಪ್‌ಗಳಿಗಂತೂ ಇದೇ ಮುಖ್ಯ ದಾರಿ. 2011ರ ಇಂಟೆಲ್ ಎಚ್‌ಡಿ 3000 ಗ್ರಾಫಿಕ್ಸ್‌ಗೆ ವಿಂಡೋಸ್ 10ಕ್ಕೆಂದೇ ಇಂಟೆಲ್ ಡ್ರೈವರ್ ಮಾಡಲಿಲ್ಲ. ವಿಂಡೋಸ್ ಅಪ್‌ಡೇಟ್‌ನಿಂದ ಬರುವ ಹಳೆಯ ಡ್ರೈವರ್‌ನಲ್ಲೇ ಅದು ಓಡುತ್ತದೆ. ಟಿ430ರಲ್ಲೂ ಎಚ್‌ಡಿ 4000 ಗ್ರಾಫಿಕ್ಸ್, ಆಡಿಯೊ, ಕಾರ್ಡ್ ರೀಡರ್ ಎಲ್ಲ ಹೀಗೇ ಬಂದವು. ಪರದೆ ಒಮ್ಮೆ ಕಪ್ಪಾಗಿ ತೆರೆದುಕೊಂಡಾಗ ಅಕ್ಷರಗಳು ಸಣ್ಣಗೆ ಚೊಕ್ಕವಾಗಿ ಕಂಡವು. ಅಕ್ಕನ ಮಗಳು 'ಹಾ, ಈಗ ನನ್ನ ಲ್ಯಾಪ್‌ಟಾಪ್' ಎಂದಳು.

ಕೊರತೆ ಏನು? ಕಂಪನಿಯವರ ಸ್ವಂತ ಸಾಧನಗಳನ್ನು, ಹಾಟ್‌ಕೀಗಳನ್ನು (ಬ್ರೈಟ್‌ನೆಸ್, ಧ್ವನಿ ಬದಲಿಸುವಂಥ ವಿಶೇಷ ಕೀಲಿಗಳು) ಇದು ಹಲವು ಸಲ ಬಿಟ್ಟುಬಿಡುತ್ತದೆ. ಟಚ್‌ಪ್ಯಾಡ್‌ಗೆ ಬರುವ ಸಾದಾ ಡ್ರೈವರ್‌ನಲ್ಲಿ ಕೆಲವು ಸೌಕರ್ಯ ಕಡಿಮೆ. ಇನ್ನೊಂದು ವಿಷಯ. ಹೊಸ ಬದಲಿ ಇರುವ ಹಳೆ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್‌ನಿಂದ ತೆಗೆಯುತ್ತಾ ಹೋಗುವುದಾಗಿ ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಹೇಳಿದೆ. ಹಾಗಾಗಿ ಇವತ್ತು ಅಲ್ಲಿ ಸಿಗುವುದು ಮುಂದೆಯೂ ಸಿಗುತ್ತದೆ ಎಂದು ನಂಬಿಕೊಂಡು ಕೂರುವುದು ಬೇಡ.

ಡ್ರೈವರ್ ತಾರೀಖು ನೋಡಿ ಹೆದರಬೇಡಿ. ಮೈಕ್ರೋಸಾಫ್ಟ್‌ನ ಸ್ವಂತ ಡ್ರೈವರ್‌ಗಳಲ್ಲಿ 2006ರ ಜೂನ್ 21 ಎಂದಿರುತ್ತದೆ. ಇಂಟೆಲ್ ಚಿಪ್‌ಸೆಟ್‌ನ ಹಲವು ಡ್ರೈವರ್‌ಗಳಲ್ಲಿ 1968ರ ಜುಲೈ 18 ಎಂದಿರುತ್ತದೆ. ಅದು ಇಂಟೆಲ್ ಕಂಪನಿ ಹುಟ್ಟಿದ ದಿನ. ಇವನ್ನು ಬೇಕೆಂದೇ ಹಳೆಯದಾಗಿ ಇಟ್ಟಿದ್ದಾರೆ. ಒಂದೇ ಸಾಧನಕ್ಕೆ ಎರಡು ಡ್ರೈವರ್ ಸಮನಾಗಿ ಹೊಂದಿದರೆ ವಿಂಡೋಸ್ ಹೊಸ ತಾರೀಖಿನದ್ದನ್ನು ಆರಿಸುತ್ತದೆ. ಸಾದಾ ಡ್ರೈವರ್ ಹಿಂದೆ ಸರಿದು, ತಯಾರಕರ ಡ್ರೈವರ್ ಗೆಲ್ಲಲಿ ಎಂಬುದು ಇದರ ಉದ್ದೇಶ. 1968 ಎಂದು ಕಂಡು ಗಾಬರಿಯಾಗಿ ಅಪ್‌ಡೇಟ್ ಹುಡುಕುವವರು ಇದ್ದಾರೆ. ಅದಕ್ಕೇ ಹೇಳಿದೆ.

ದಾರಿ ಎರಡು: ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟ

ವಿಂಡೋಸ್ ಅಪ್‌ಡೇಟ್ ಬಿಟ್ಟದ್ದನ್ನು ತುಂಬಲು ಇದೇ ಸರಿಯಾದ ಜಾಗ. ಪವರ್ ಮ್ಯಾನೇಜ್‌ಮೆಂಟ್, ಎಫ್‌ಎನ್ ಕೀಲಿಗಳು, ಬೆರಳಚ್ಚು, ಟಚ್‌ಪ್ಯಾಡ್ ಇವಕ್ಕಂತೂ ಬೇರೆ ಕಡೆ ಹುಡುಕಲೇಬೇಡಿ. ಟಚ್‌ಪ್ಯಾಡ್ ಚಿಪ್ ಸಿನಾಪ್ಟಿಕ್ಸ್‌ನದ್ದೋ ಆಲ್ಪ್ಸ್‌ನದ್ದೋ ಇರಬಹುದು. ಅದರ ಡ್ರೈವರನ್ನು ಪ್ರತಿ ಕಂಪನಿ ತನ್ನ ಮಾಡೆಲ್‌ಗೆ ಹೊಂದಿಸಿಕೊಂಡಿರುತ್ತದೆ. ಥಿಂಕ್‌ಪ್ಯಾಡ್‌ನ ಕೆಂಪು ಟ್ರ್ಯಾಕ್‌ಪಾಯಿಂಟ್‌ನ ನಡುವಿನ ಬಟನ್ ಒತ್ತಿ ಪುಟ ಸರಿಸುವುದು ಲೆನೊವೊ ಕೊಟ್ಟ ಡ್ರೈವರ್‌ನಲ್ಲೇ ಚೆನ್ನಾಗಿ ನಡೆಯುವುದು.

ಹುಡುಕುವಾಗ ಮಾಡೆಲ್ ಹೆಸರಿಗಿಂತ ಸೀರಿಯಲ್ ನಂಬರ್ ಕೊಡುವುದು ವಾಸಿ. ಡೆಲ್‌ನಲ್ಲಿ ಅದಕ್ಕೆ ಸರ್ವಿಸ್ ಟ್ಯಾಗ್ ಎನ್ನುತ್ತಾರೆ, ಏಳು ಅಕ್ಷರ. ಕೆಳಗಿನ ಸ್ಟಿಕ್ಕರ್ ಅಳಿಸಿಹೋಗಿದ್ದರೆ ಚಿಂತೆ ಬೇಡ. ವಿಂಡೋಸ್ 10ರಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಡಬ್ಲ್ಯುಎಂಐಸಿ, ಬಯೋಸ್, ಗೆಟ್, ಸೀರಿಯಲ್‌ನಂಬರ್ (wmic bios get serialnumber) ಎಂಬ ನಾಲ್ಕು ಪದವನ್ನು ಇಂಗ್ಲಿಷ್‌ನಲ್ಲಿ ಒಂದರ ಪಕ್ಕ ಒಂದು ಟೈಪ್ ಮಾಡಿ ಎಂಟರ್ ಒತ್ತಿದರೆ ನಂಬರ್ ಬರುತ್ತದೆ.

ಪುಟ ತೆರೆದಾಗ ಎರಡು ಗೊಂದಲ ಎದುರಾಗುತ್ತವೆ. ಒಂದೇ ಮಾಡೆಲ್‌ಗೆ ಮೂರು ನಾಲ್ಕು ವೈಫೈ ಡ್ರೈವರ್ ಇರುತ್ತವೆ. ಏಕೆಂದರೆ ಕಂಪನಿ ಒಂದೇ ಮಾಡೆಲ್‌ನಲ್ಲಿ ಕೆಲವಕ್ಕೆ ಇಂಟೆಲ್, ಕೆಲವಕ್ಕೆ ರಿಯಲ್‌ಟೆಕ್ ಕಾರ್ಡ್ ಹಾಕಿ ಮಾರಿರುತ್ತದೆ. ಆಗ ಹಾರ್ಡ್‌ವೇರ್ ಐಡಿಯಲ್ಲಿ ಕಂಡ ವಿಇಎನ್ ಸಂಖ್ಯೆ ನೋಡಿ. 8086 ಇದ್ದರೆ ಇಂಟೆಲ್‌ನದ್ದು, 10ಇಸಿ ಇದ್ದರೆ ರಿಯಲ್‌ಟೆಕ್‌ನದ್ದು. ಊಹೆ ಮಾಡಿ ಎಲ್ಲವನ್ನೂ ಒಂದಾದ ಮೇಲೊಂದು ಹಾಕಬೇಡಿ.

ಎರಡನೆಯದು, ನಿಮ್ಮ ವಿಂಡೋಸ್‌ಗೆ ಡ್ರೈವರೇ ಇಲ್ಲದಿರುವುದು. ಹಳೆ ಮಾಡೆಲ್‌ಗಳ ಪಟ್ಟಿ ವಿಂಡೋಸ್ 7 ಅಥವಾ 8.1ಕ್ಕೇ ನಿಂತಿರುತ್ತದೆ. 64 ಬಿಟ್‌ನ 8.1ರ ಡ್ರೈವರ್ ಸಾಮಾನ್ಯವಾಗಿ 64 ಬಿಟ್‌ನ 10ರಲ್ಲೂ ನಡೆಯುತ್ತದೆ. 7ರದ್ದೂ ಎಷ್ಟೋ ಸಲ ನಡೆಯುತ್ತದೆ. ಆದರೆ 32 ಬಿಟ್‌ನ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಯಾವತ್ತೂ ಕೆಲಸ ಮಾಡುವುದಿಲ್ಲ. ಡೌನ್‌ಲೋಡ್ ಮಾಡುವ ಮುಂಚೆ ಇದೊಂದನ್ನು ಎರಡು ಸಲ ನೋಡಿ.

ಇನ್‌ಸ್ಟಾಲ್ ಮಾಡಲು ಹೋದಾಗ 'ಈ ಆಪರೇಟಿಂಗ್ ಸಿಸ್ಟಮ್‌ಗೆ ಸಪೋರ್ಟ್ ಇಲ್ಲ' ಎಂದರೂ ಬಿಡಬೇಡಿ. ಸಾಮಾನ್ಯವಾಗಿ ನಿರಾಕರಿಸಿದ್ದು ಇನ್‌ಸ್ಟಾಲರ್, ಡ್ರೈವರ್ ಅಲ್ಲ. ಈ ಹಳೆ ಇನ್‌ಸ್ಟಾಲರ್‌ಗಳು ಮೊದಲು ಫೈಲ್‌ಗಳನ್ನು ಸಿ ಡ್ರೈವ್‌ನಲ್ಲಿ ಬಿಚ್ಚಿಡುತ್ತವೆ. ಲೆನೊವೊ ಆದರೆ ಡ್ರೈವರ್ಸ್ ಎಂಬ ಫೋಲ್ಡರ್, ಎಚ್‌ಪಿ ಆದರೆ ಎಸ್‌ಡಬ್ಲ್ಯುಸೆಟಪ್, ಡೆಲ್ ಆದರೆ ಡೆಲ್ ಫೋಲ್ಡರ್ ಒಳಗಿನ ಡ್ರೈವರ್ಸ್. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಮೇಲೆ ರೈಟ್ ಕ್ಲಿಕ್ ಮಾಡಿ ಅಪ್‌ಡೇಟ್ ಡ್ರೈವರ್ ಆರಿಸಿ. 'ಬ್ರೌಸ್ ಮೈ ಕಂಪ್ಯೂಟರ್' ಒತ್ತಿ ಆ ಫೋಲ್ಡರ್ ತೋರಿಸಿ, ಸಬ್‌ಫೋಲ್ಡರ್ ಸೇರಿಸುವ ಟಿಕ್ ಇರಲಿ. ಟಿ430ರ ಎಲ್‌ಇಎನ್0068 ಹಳದಿ ಗುರುತು ಹೋಗಿದ್ದು ಹೀಗೇ.

ಕಂಪನಿಯ ಆಪ್‌ಗಳೂ ಇವೆ. ಡೆಲ್‌ಗೆ ಸಪೋರ್ಟ್‌ಅಸಿಸ್ಟ್, ಲೆನೊವೊಗೆ ಸಿಸ್ಟಮ್ ಅಪ್‌ಡೇಟ್, ಎಚ್‌ಪಿಗೆ ಸಪೋರ್ಟ್ ಅಸಿಸ್ಟೆಂಟ್. ಐದಾರು ವರ್ಷದ ಯಂತ್ರಕ್ಕೆ ಇವು ಒಳ್ಳೆಯವು. ಹತ್ತು ವರ್ಷ ದಾಟಿದ್ದಕ್ಕೆ ನಾನಾದರೆ ಕೈಯಿಂದಲೇ ಒಂದೊಂದಾಗಿ ಹಾಕುತ್ತೇನೆ. ಬೇಕಾಗಿರುವುದು ಎರಡು ಮೂರು ಡ್ರೈವರ್ ಮಾತ್ರ ಅಲ್ವಾ, ಅದಕ್ಕೊಂದು ಸದಾ ಓಡುವ ಪ್ರೋಗ್ರಾಂ ಯಾಕೆ?

ದಾರಿ ಮೂರು: ಚಿಪ್ ತಯಾರಕರ ಸೈಟ್

ಇಂಟೆಲ್, ಎನ್‌ವಿಡಿಯಾ, ಎಎಮ್‌ಡಿ ಸೈಟ್‌ನಿಂದ ನೇರ ತರುವುದು ಹೊಸ ಯಂತ್ರಗಳಿಗೆ ಚೆನ್ನ. ಹಳೆಯವಕ್ಕೆ ಅಷ್ಟೇನೂ ಇಲ್ಲ. ಇಂಟೆಲ್ 2019ರ ಕೊನೆಯಲ್ಲೇ ತನ್ನ ಡೌನ್‌ಲೋಡ್ ಸೆಂಟರ್‌ನಿಂದ ಹಳೆಯ ಎಷ್ಟೋ ಡ್ರೈವರ್ ಮತ್ತು ಬಯೋಸ್ ಫೈಲ್‌ಗಳನ್ನು ತೆಗೆಯಿತು. ಇರುವ ಗ್ರಾಫಿಕ್ಸ್ ಡ್ರೈವರ್ ಹಾಕಲು ಹೋದರೂ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 'ಈ ಕಂಪ್ಯೂಟರ್‌ಗೆ ಪರೀಕ್ಷಿಸಿದ್ದಲ್ಲ, ನಿಮ್ಮ ತಯಾರಕರನ್ನು ಕೇಳಿ' ಎಂಬ ಅರ್ಥದ ಸಂದೇಶ ಬಂದು ನಿಲ್ಲುತ್ತದೆ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಮಾತ್ರ ಈ ದಾರಿ ಬೇಕಾಗುತ್ತದೆ. ಅಲ್ಲೂ ಎಲ್ಲಕ್ಕಿಂತ ಹೊಸದು ಬೇಡ, ನಿಮ್ಮ ಚಿಪ್‌ಗೆ ಬಂದ ಕೊನೆಯದು ಬೇಕು. ಎನ್‌ವಿಡಿಯಾದ ಜಿಫೋರ್ಸ್ 400, 500 ಸರಣಿಯ ಫರ್ಮಿ ಚಿಪ್‌ಗಳಿಗೆ ಅದು 2018ರ 391.35 ಆವೃತ್ತಿ. ಅದರ ನಂತರ ಬಂದ ಲ್ಯಾಪ್‌ಟಾಪ್‌ನ ಕೆಪ್ಲರ್ ಚಿಪ್‌ಗಳಿಗೆ 2019ರ 425.31. ರೇಡಿಯಾನ್ ಎಚ್‌ಡಿ 5000, 6000 ಇದ್ದವರಿಗೆ ಎಎಮ್‌ಡಿಯ ಕ್ರಿಮ್ಸನ್ 16.2.1 ಬೀಟಾ. ಇಂಟೆಲ್ ಮತ್ತು ಎನ್‌ವಿಡಿಯಾ ಎರಡೂ ಇರುವ ಲ್ಯಾಪ್‌ಟಾಪ್‌ನಲ್ಲಿ ಮೊದಲು ಇಂಟೆಲ್ ಗ್ರಾಫಿಕ್ಸ್ ಹಾಕಿ, ಆಮೇಲೆ ಎನ್‌ವಿಡಿಯಾ ಹಾಕಿ.

ದಾರಿ ನಾಲ್ಕು: ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್

ಇದು ಕಡಿಮೆ ಜನಕ್ಕೆ ಗೊತ್ತಿರುವ, ನನಗೆ ತುಂಬ ಇಷ್ಟದ ದಾರಿ. ವಿಂಡೋಸ್ ಅಪ್‌ಡೇಟ್‌ನ ಗೋದಾಮು ಎನ್ನಬಹುದು. ಬ್ರೌಸರ್‌ನಲ್ಲೇ ತೆರೆದು ಹುಡುಕಬಹುದು. ಹುಡುಕುವ ಪೆಟ್ಟಿಗೆಯಲ್ಲಿ ಹಾರ್ಡ್‌ವೇರ್ ಐಡಿಯನ್ನು ವಿಇಎನ್‌ನಿಂದ ಡಿಇವಿ ನಂತರದ ನಾಲ್ಕು ಅಕ್ಷರದವರೆಗೆ ಮಾತ್ರ ಕಾಪಿ ಮಾಡಿ ಹಾಕಿ. ಉದ್ದದ ಸಂಕೇತ ಪೂರ್ತಿ ಹಾಕಿದರೆ ಹಲವು ಸಲ ಏನೂ ಸಿಗುವುದಿಲ್ಲ.

ಬರುವ ಪಟ್ಟಿಯಲ್ಲಿ ವಿಂಡೋಸ್ ಆವೃತ್ತಿ ನೋಡಿ ಒಂದನ್ನು ಇಳಿಸಿಕೊಳ್ಳಿ. ಅದು ಕ್ಯಾಬ್ ಫೈಲ್. ವಿಂಡೋಸ್ 10ರಲ್ಲಿ ಡಬಲ್ ಕ್ಲಿಕ್ ಮಾಡಿದರೆ ತೆರೆದುಕೊಳ್ಳುತ್ತದೆ. ಒಳಗಿನದನ್ನೆಲ್ಲ ಒಂದು ಹೊಸ ಫೋಲ್ಡರ್‌ಗೆ ಹಾಕಿ. ಆಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಮೊದಲು ಹೇಳಿದ ಹಾಗೆ ಆ ಫೋಲ್ಡರ್ ತೋರಿಸಿ.

ಇದರಲ್ಲಿ ಇನ್‌ಸ್ಟಾಲರ್ ಇಲ್ಲ, ಜೊತೆಗೆ ಬರುವ ಬೇಡದ ಆಪ್‌ಗಳಿಲ್ಲ. ಬರೀ ಡ್ರೈವರ್. ಬೇರೆ ಕಂಪ್ಯೂಟರ್‌ನಲ್ಲಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರಲೂ ಬರುತ್ತದೆ. ನೆಟ್ ಇಲ್ಲದ ಯಂತ್ರಕ್ಕೆ ವೈಫೈ ಡ್ರೈವರ್ ತರಲು ಇದು ಬಹಳ ಅನುಕೂಲ. ತೊಂದರೆ ಒಂದೇ, ಪಟ್ಟಿಯಲ್ಲಿ ಹೆಸರುಗಳು ಅಸ್ಪಷ್ಟವಾಗಿರುತ್ತವೆ, ಸ್ವಲ್ಪ ತಾಳ್ಮೆ ಬೇಕು. ಕಂಪನಿಯ ಪುಟ ಮುಚ್ಚಿಹೋಗಿರುವ ಬ್ರ್ಯಾಂಡ್‌ಗಳ ಲ್ಯಾಪ್‌ಟಾಪ್ ಇದ್ದವರಿಗೆ ಇದೇ ಮೊದಲ ಆಸರೆ.

ದಾರಿ ಐದು: ಡ್ರೈವರ್ ಪ್ಯಾಕ್ ಮತ್ತು ಅಪ್‌ಡೇಟರ್‌ಗಳು

'ನಿಮ್ಮ ಕಂಪ್ಯೂಟರ್‌ನಲ್ಲಿ 23 ಡ್ರೈವರ್ ಹಳೆಯದಾಗಿವೆ, ಒಂದೇ ಕ್ಲಿಕ್‌ನಲ್ಲಿ ಸರಿಪಡಿಸಿ' ಎನ್ನುವ ಪ್ರೋಗ್ರಾಂಗಳನ್ನು ಹಾಕಬೇಡಿ ಎಂದು ಕೈ ಮುಗಿದು ಕೇಳುತ್ತೇನೆ. ನಾನು ಹೀಗೆ ಹೇಳಲು ಕಾರಣವಿದೆ. ಕೆಲವು ವರ್ಷದ ಹಿಂದೆ ಭಾವನ ಲ್ಯಾಪ್‌ಟಾಪ್‌ಗೆ ಅವಸರದಲ್ಲಿ ಅಂಥದ್ದೊಂದನ್ನು ಓಡಿಸಿದೆ. ಅದು ಸರಿಯಾಗಿದ್ದ ಡ್ರೈವರ್‌ಗಳನ್ನೂ ಬದಲಿಸಿತು. ರೀಸ್ಟಾರ್ಟ್ ಆದ ಮೇಲೆ ಬರೀ ನೀಲಿ ಪರದೆ. ಮರುದಿನ ಬೆಳಿಗ್ಗೆ ಅವರು ಜಿಎಸ್‌ಟಿ ರಿಟರ್ನ್ ಹಾಕಬೇಕಿತ್ತು. ಸೇಫ್ ಮೋಡ್‌ಗೆ ಹೋಗಿ ಒಂದೊಂದನ್ನೇ ರೋಲ್ ಬ್ಯಾಕ್ ಮಾಡಿ ಹಳೆ ಡ್ರೈವರ್‌ಗೆ ಮರಳಿಸುವಷ್ಟರಲ್ಲಿ ರಾತ್ರಿ ಎರಡು ಗಂಟೆ. ಅವರ ಮುಖ ನೋಡಲು ನನಗೆ ಕಷ್ಟವಾಯಿತು.

'ಹಳೆಯದು' ಎಂದು ಇವು ಹೇಳುವುದು ಬಹುತೇಕ ತಾರೀಖು ನೋಡಿ. ಆದರೆ ಹತ್ತು ವರ್ಷದ ಯಂತ್ರಕ್ಕೆ ಸರಿಯಾದ ಡ್ರೈವರ್ ಹತ್ತು ವರ್ಷ ಹಳೆಯದೇ ಆಗಿರುತ್ತದೆ. ಡ್ರೈವರ್ ಹೆಸರು ಹಾಕಿ ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ, ದೊಡ್ಡ ಹಸಿರು ಡೌನ್‌ಲೋಡ್ ಬಟನ್ ಇರುವ ಸೈಟ್‌ಗಳಿಗೂ ಇದೇ ಮಾತು.

ಒಂದು ವಿನಾಯಿತಿ ಕೊಡುತ್ತೇನೆ. ಸ್ನ್ಯಾಪಿ ಡ್ರೈವರ್ ಇನ್‌ಸ್ಟಾಲರ್ ಆರಿಜಿನ್ ಎಂಬುದು ಉಚಿತ, ಓಪನ್ ಸೋರ್ಸ್, ನೆಟ್ ಇಲ್ಲದೆಯೂ ಓಡುತ್ತದೆ. ಆದರೆ ಪೂರ್ತಿ ಸಂಗ್ರಹ ಹತ್ತಾರು ಜಿಬಿ. ಶಾಲೆಯ ಲ್ಯಾಬ್‌ನಲ್ಲಿ ಬೇರೆ ಬೇರೆ ಬ್ರ್ಯಾಂಡ್‌ನ ಇಪ್ಪತ್ತು ಯಂತ್ರ ನೋಡಿಕೊಳ್ಳುವವರಿಗೆ ಇದು ಉಪಯೋಗ. ಮನೆಯ ಒಂದು ಲ್ಯಾಪ್‌ಟಾಪ್‌ಗೆ ಅಷ್ಟು ದೊಡ್ಡ ಮೂಟೆ ಬೇಕಾಗಿಲ್ಲ. ಬಳಸಿದರೂ ಕಾಣೆಯಾದದ್ದಕ್ಕೆ ಮಾತ್ರ ಟಿಕ್ ಹಾಕಿ.

ಯಾವ ದಾರಿ ಹಿಡಿದರೂ ಮೊದಲು ಒಂದು ರಿಸ್ಟೋರ್ ಪಾಯಿಂಟ್ ಮಾಡಿ, ತೊಂದರೆಯಾದರೆ ಮೊದಲಿನ ಸ್ಥಿತಿಗೆ ಮರಳಬಹುದು. ಹೊಸದಾಗಿ ಹಾಕಿದ ವಿಂಡೋಸ್ 10ರಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಹಲವು ಸಲ ಆಫ್ ಆಗಿರುತ್ತದೆ, ಆನ್ ಮಾಡಿಕೊಳ್ಳಬೇಕು.

ಲಿನಕ್ಸ್‌ಗೆ ಹೋದರೆ?

ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತಾ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ. ವಿಂಡೋಸ್ 11ಕ್ಕೆ ಟಿಪಿಎಮ್ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಬೇಕು. ಟಿ430ಗೆ ಆ ಅರ್ಹತೆ ಇಲ್ಲ. ಹಾಗಾಗಿ ಈ ಪ್ರಶ್ನೆ ಬರುವುದು ಸಹಜ.

ಲಿನಕ್ಸ್ ಎಂದರೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ಅದರಲ್ಲಿ ಹೆಚ್ಚಿನ ಡ್ರೈವರ್‌ಗಳು ಕರ್ನಲ್ ಎಂಬ ಅದರ ತಿರುಳಿನ ಒಳಗೇ ಇರುತ್ತವೆ. ಹಳೆ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಮಿಂಟ್ ಅಥವಾ ಉಬುಂಟು ಎಂಬ ಲಿನಕ್ಸ್ ಹಾಕಿದರೆ ಡ್ರೈವರ್ ಹುಡುಕುವ ಕೆಲಸವೇ ಬಹುತೇಕ ಇರುವುದಿಲ್ಲ. ಕೆಲವು ಬ್ರಾಡ್‌ಕಾಮ್ ವೈಫೈ ಕಾರ್ಡ್‌ಗಳು ಮತ್ತು ಹಳೆ ಎನ್‌ವಿಡಿಯಾ ಇದಕ್ಕೆ ಹೊರತು. ಪೆನ್‌ಡ್ರೈವ್‌ನಿಂದಲೇ ಲೈವ್ ಓಡಿಸಿ ವೈಫೈ, ಧ್ವನಿ ಪರೀಕ್ಷಿಸಬಹುದು, ಡಿಸ್ಕ್ ಮುಟ್ಟುವುದೇ ಬೇಡ. ಬ್ರೌಸರ್, ಓದು, ಬರಹ ಇಷ್ಟೇ ಕೆಲಸವಿದ್ದರೆ ನಾನು ಇದನ್ನೇ ಹೇಳುತ್ತೇನೆ. ನುಡಿಯಲ್ಲಿ ಟೈಪ್ ಮಾಡುವವರು, ಟ್ಯಾಲಿ ಬಳಸುವವರು, ಡಿಜಿಟಲ್ ಸಹಿಯ ಟೋಕನ್ ಹಾಕುವವರು ಅವಸರ ಪಡಬೇಡಿ. ನಿಮ್ಮ ಪ್ರೋಗ್ರಾಂ ಅಲ್ಲಿ ನಡೆಯುತ್ತದಾ ಎಂದು ಮೊದಲು ನೋಡಿಕೊಳ್ಳಿ.

ಇನ್ನೂ ಫಾರ್ಮ್ಯಾಟ್ ಮಾಡಿಲ್ಲವಾ?

ಹಾಗಾದರೆ ಎಲ್ಲಕ್ಕಿಂತ ಒಳ್ಳೆಯ ದಾರಿ ನಿಮಗಿನ್ನೂ ತೆರೆದಿದೆ. ಈಗ ಸರಿಯಾಗಿ ಓಡುತ್ತಿರುವ ಡ್ರೈವರ್‌ಗಳನ್ನೇ ಪೆನ್‌ಡ್ರೈವ್‌ಗೆ ತೆಗೆದಿಟ್ಟುಕೊಳ್ಳಿ. ವಿಂಡೋಸ್ 10ರಲ್ಲೇ ಇದಕ್ಕೊಂದು ಸಲಕರಣೆ ಇದೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಫೋನಲ್ಲಿ ಹೇಳುವ ಹಾಗೆ ಹೇಳುತ್ತೇನೆ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ: ಪಿಎನ್‌ಪಿಯುಟಿಲ್, ಒಂದು ಸ್ಪೇಸ್, ಸ್ಲ್ಯಾಶ್, ಎಕ್ಸ್‌ಪೋರ್ಟ್ ಹೈಫನ್ ಡ್ರೈವರ್, ಸ್ಪೇಸ್, ನಕ್ಷತ್ರ ಚಿಹ್ನೆ, ಸ್ಪೇಸ್, ಪೆನ್‌ಡ್ರೈವ್‌ನ ಫೋಲ್ಡರ್‌ನ ದಾರಿ (ಅಂದರೆ pnputil /export-driver * ಎಂದು ಬರೆದು, ಕೊನೆಗೆ ದಾರಿ). ಆ ಫೋಲ್ಡರನ್ನು ಮೊದಲೇ ಮಾಡಿಟ್ಟಿರಿ. ಎಂಟರ್ ಒತ್ತಿದರೆ ಹೊರಗಿನಿಂದ ಹಾಕಿದ ಡ್ರೈವರ್‌ಗಳೆಲ್ಲ ಒಂದೊಂದು ಫೋಲ್ಡರ್ ಆಗಿ ಬಂದು ಕೂರುತ್ತವೆ. ಹೊಸ ವಿಂಡೋಸ್ ಹಾಕಿದ ಮೇಲೆ ಡಿವೈಸ್ ಮ್ಯಾನೇಜರ್‌ನಿಂದ ಆ ಒಂದೇ ಫೋಲ್ಡರ್ ತೋರಿಸಿದರೆ ಸಾಕು. ನೆಟ್ ಬೇಡ, ಹುಡುಕಾಟ ಬೇಡ.

ಹಾಟ್‌ಕೀ ಜೊತೆಗೆ ಬರುವ ಆಪ್‌ಗಳು ಇದರಲ್ಲಿ ಸೇರುವುದಿಲ್ಲ, ಬರೀ ಡ್ರೈವರ್ ಮಾತ್ರ. ವಿಂಡೋಸ್ 7ರಲ್ಲಿ ಈ ಸೌಕರ್ಯ ಇಲ್ಲ. ಅಲ್ಲಿ ವಿಂಡೋಸ್ ಫೋಲ್ಡರ್‌ನ ಸಿಸ್ಟಮ್32 ಒಳಗೆ ಡ್ರೈವರ್‌ಸ್ಟೋರ್, ಅದರೊಳಗೆ ಫೈಲ್‌ರೆಪಾಸಿಟರಿ ಎಂಬ ಫೋಲ್ಡರ್ ಇದೆ. ಅದನ್ನು ಹಾಗೇ ಕಾಪಿ ಮಾಡಿಟ್ಟುಕೊಳ್ಳಿ.

ಆಗಲೇ ವಿಂಡೋಸ್ ಹಾಕಿಬಿಟ್ಟಿದ್ದರೂ ಒಮ್ಮೆ ಸಿ ಡ್ರೈವ್ ನೋಡಿ. ಪಾರ್ಟಿಷನ್ ಫಾರ್ಮ್ಯಾಟ್ ಮಾಡದೆ ಹಾಕಿದ್ದರೆ ಹಳೆ ವಿಂಡೋಸ್ ಪೂರ್ತಿಯಾಗಿ 'ವಿಂಡೋಸ್.ಓಲ್ಡ್' ಎಂಬ ಫೋಲ್ಡರ್‌ನಲ್ಲಿ ಉಳಿದಿರುತ್ತದೆ. ಅದರೊಳಗೂ ಇದೇ ಫೈಲ್‌ರೆಪಾಸಿಟರಿ ಇದೆ. ಕೆಲವು ದಿನದ ನಂತರ ವಿಂಡೋಸ್ ಆ ಫೋಲ್ಡರನ್ನು ತಾನೇ ಅಳಿಸಬಹುದು, ಹಾಗಾಗಿ ಇವತ್ತೇ ನೋಡಿ.

ಟಿ430ರಲ್ಲಿ ಕೊನೆಗೆ ಉಳಿದದ್ದು ಒಂದೇ ಹಳದಿ ಗುರುತು, ಆ ಪಿಸಿಐ ಸೀರಿಯಲ್ ಪೋರ್ಟ್. ಅದನ್ನು ಹಾಗೇ ಬಿಟ್ಟೆವು. ಎಲ್ಲ ಸರಿಯಾದ ಆ ಸಂಜೆಯೇ ಅಕ್ಕನ ಮಗಳ ಕೈಯಲ್ಲೇ ಎಕ್ಸ್‌ಪೋರ್ಟ್ ಮಾಡಿಸಿದೆ. ಪೆನ್‌ಡ್ರೈವ್ ಮೇಲೆ ಚಿಕ್ಕ ಚೀಟಿ ಅಂಟಿಸಿ ಮಾಡೆಲ್ ಹೆಸರು, ತಾರೀಖು, 64 ಬಿಟ್ ಎಂದು ಬರೆದು ಲ್ಯಾಪ್‌ಟಾಪ್ ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಂಡಿದ್ದಾಳೆ.